ಮೂರು ಕೊಕ್ಕರೆಯ ಡಬ್ಬಿ

ಕಾಗದ ಬಂದದ್ದು ಮಂಗಳವಾರ. ದೇದೇ ಅಕ್ಕನನ್ನು ಮಣ್ಣು ಮಾಡಬೇಕಾಗಿದ್ದದ್ದು ಶನಿವಾರ. ದಪ್ಪ ಕಾಗದ, ಮೇಲೆ ಬಂಗಾರದ ಬಣ್ಣದ ಅಕ್ಷರ, ಕೆಳಗೆ ವಕೀಲ ಅಡೊಮಾಕೊ ಅನ್ನುವವನ ಸಹಿ. ಆ ಸಹಿಯೇ ಕಾಲು ಪುಟ ತಿಂದಿತ್ತು. ನಾನು ಬ್ರಷ್ ಕೆಳಗಿಟ್ಟು, ಕೈ ಒರೆಸಿಕೊಂಡು ಎರಡು ಸಲ ಓದಿದೆ. ಮೊದಲನೇ ಸಲ ಅರ್ಥವಾಗಲಿಲ್ಲ. ಎರಡನೇ ಸಲ ಅರ್ಥವಾಯಿತು, ಮೈಯೆಲ್ಲ ಉರಿದುಹೋಯಿತು.

ಅಕ್ರಾ ಪಕ್ಕದ ತೇಶಿಯಲ್ಲಿ, ಸಮುದ್ರದ ರಸ್ತೆ ಬದಿಗೆ ನಮ್ಮಣ್ಣ ಅನ್ನಾಂಗನ ಶೆಡ್ಡಿದೆ. ಅವನು ಶವಪೆಟ್ಟಿಗೆ ಮಾಡುತ್ತಾನೆ, ನಾನು ಬಣ್ಣ ಬಳಿಯುತ್ತೇನೆ. ನಮ್ಮ ಗಾ ಜನ ಚೌಕದ ಪೆಟ್ಟಿಗೆಯಲ್ಲಿ ಹೋಗುವುದು ಗತಿಯಿಲ್ಲದಾಗ ಮಾತ್ರ. ಬದುಕಿದ್ದಾಗ ಯಾವುದು ಹೊಟ್ಟೆಗೆ ಹಾಕಿತೋ ಅದರೊಳಗೇ ಮಲಗಿ ಹೋಗಬೇಕು. ಬೆಸ್ತ ಮೀನಿನಲ್ಲಿ ಹೋಗುತ್ತಾನೆ, ಡ್ರೈವರ್ ಬಸ್ಸಿನಲ್ಲಿ, ಕೋಕೋ ಬೆಳೆದವನು ಕೋಕೋ ಕಾಯಿಯಲ್ಲಿ. ಹೋದ ವರ್ಷ ಒಬ್ಬ ಹಲ್ಲಿನ ಡಾಕ್ಟರಿಗೆ ದವಡೆ ಹಲ್ಲು ಮಾಡಿಕೊಟ್ಟೆವು, ಬೇರು ಸಮೇತ.

ದೇದೇ ಅಕ್ಕ ಮೊದಲನೇ ಜಂಕ್ಷನ್ನಿನಲ್ಲಿ ಮೂವತ್ತೆಂಟು ವರ್ಷ ಜೋಳದ ಗಂಜಿ ಮಾರಿದವಳು. ಗಂಜಿಯ ಮೇಲೆ ಮೂರು ಕೊಕ್ಕರೆ ಮಾರ್ಕಿನ ಡಬ್ಬಿ ಹಾಲು. ಚಾಕುವಿನ ತುದಿಯಿಂದ ಮುಚ್ಚಳಕ್ಕೆ ಎರಡು ತೂತು ಹೊಡೆದು, ಡಬ್ಬಿಯನ್ನು ಎತ್ತರಕ್ಕೆ ಹಿಡಿದು ಸಣ್ಣಗೆ ಸುರಿಯುತ್ತಿದ್ದಳು, ಒಂದು ತೊಟ್ಟು ಆಚೆ ಬೀಳುತ್ತಿರಲಿಲ್ಲ. ಅಗ್ಗದ ಹಾಲು ಮಾರುಕಟ್ಟೆಗೆ ಎಷ್ಟೋ ಬಂದವು. ಹಾಕು ಅಂತ ಹೇಳಿದವರಿಗೆ, ನಿಮ್ಮ ಮನೆ ನಾಯಿಗೆ ಹಾಕಿ ಅಂತ ಬಾಯಿ ಮುಚ್ಚಿಸುತ್ತಿದ್ದಳು. ಆ ಗಂಜಿಯಲ್ಲೇ ಗಂಡನ ಕುಡಿತ ನಿಭಾಯಿಸಿದಳು, ಮಗಳು ಲಾಮಿಲೆಗೆ ಹೊಲಿಗೆ ಕಲಿಸಿದಳು, ಎರಡು ಕೋಣೆಯ ಮನೆ ಕಟ್ಟಿದಳು.

ಕಾಯಿಲೆ ಅಂತ ಗೊತ್ತಾದ ಮೇಲೆ ಒಂದು ದಿನ ತಾನೇ ನಡೆದುಕೊಂಡು ಶೆಡ್ಡಿಗೆ ಬಂದಳು. ಸ್ಟೂಲಿನ ಮೇಲೆ ಕೂತು, ಸುಧಾರಿಸಿಕೊಂಡು, ನನ್ನನ್ನು ಕರೆದಳು.

"ನಂಗೆ ಹಾಲಿನ ಡಬ್ಬಿ ಮಾಡ್ಬೇಕು ಶೋರ್ಮೆ. ಕೊಕ್ಕರೆ ಮೂರೂ ಇರ್ಬೇಕು. ಸತ್ತವಳಿಗೇನು ಗೊತ್ತಾಗುತ್ತೆ ಅಂತ ಎರಡು ಬಿಡಿಸಿ ಯಾಮಾರಿಸ್ಬೇಡ."

ನಾನು ನಕ್ಕೆ. ಅವಳು ನಗಲಿಲ್ಲ, ನನ್ನ ಕೈ ಹಿಡಿದು ಮಾತು ತಗೊಂಡಳು. ಮೂರು ಅಂದರೆ ಮೂರು ಅಂದೆ.

ಆ ಮಾತು ನಡೆಸುತ್ತಾ ಇದ್ದಾಗಲೇ ಈ ಕಾಗದ. ಅಣ್ಣ ಡಬ್ಬಿ ಮುಗಿಸಿದ್ದ. ಆರಡಿ ಉದ್ದದ ಉರುಳೆ, ಉದ್ದಕ್ಕೂ ತೆರೆಯುವ ಮುಚ್ಚಳ, ಎರಡು ತುದಿಗೂ ನಿಜವಾದ ಡಬ್ಬಿಗಿರುವ ಹಾಗೆ ಅಂಚು. ನಾನು ಬಿಳಿ ಬಳಿದು, ನೀಲಿ ಪಟ್ಟೆ ಎಳೆದು, ಹಾಲಿನ ಹೆಸರು ಬರೆದು, ಎರಡು ಕೊಕ್ಕರೆ ಬಿಡಿಸಿ, ಒಣಗಲಿ ಅಂತ ಶೆಡ್ಡಿನ ಮುಂದೆ ಇಟ್ಟಿದ್ದೆ. ಯಾರೋ ದಾರಿಹೋಕ ಫೋನಿನಲ್ಲಿ ಹಿಡಿದು ಹರಿಯಬಿಟ್ಟ. ಅದು ಊರೆಲ್ಲ ಸುತ್ತಿ ಅಕ್ರಾದಲ್ಲಿ ಹಾಲಿನ ಕಂಪನಿಯ ಮೇಜಿನ ಮೇಲೆ ಹೋಗಿ ಕೂತಿತು. ಕಾಗದದಲ್ಲಿ ಇದ್ದದ್ದು ಇಷ್ಟು: ಮೂರು ಕೊಕ್ಕರೆಯ ಚಿತ್ರ, ಆ ಹೆಸರು, ಆ ನೀಲಿ ಪಟ್ಟೆ ಮೂರೂ ತಮ್ಮ ನೋಂದಾಯಿತ ಗುರುತು. ತಮ್ಮನ್ನು ಕೇಳದೆ ಯಾವ ವಸ್ತುವಿನ ಮೇಲೂ ಯಾರೂ ಬಿಡಿಸುವ ಹಾಗಿಲ್ಲ. ಆ ವಸ್ತುವನ್ನು ಕೂಡಲೇ ನಾಶಮಾಡಬೇಕು.

ವಸ್ತು ಅಂತೆ. ದೇದೇ ಅಕ್ಕನ ಪೆಟ್ಟಿಗೆ ಅವರಿಗೆ ವಸ್ತು.

ಇನ್ನೊಂದು ಸಂಗತಿ ಕೇಳಿ. ಅವಳ ಗಂಜಿ ಅಂಗಡಿಯ ಹಲಗೆ ಗೋಡೆಯ ತುಂಬ ಇದೇ ಮೂರು ಕೊಕ್ಕರೆ ಇದ್ದವು. ಬಿಡಿಸಿದವಳು ನಾನೇ, ಬಿಡಿಸಿ ಅಂತ ಬಣ್ಣ ಕಳಿಸಿದ್ದು ಇದೇ ಕಂಪನಿ. ಜಂಕ್ಷನ್ನಿನಲ್ಲಿ ನಿಲ್ಲುವ ಒಂದೊಂದು ಬಸ್ಸಿಗೂ ಆ ಗೋಡೆ ಇಪ್ಪತ್ತು ವರ್ಷ ಪುಕ್ಕಟೆ ಹಾಲು ಮಾರಿಕೊಟ್ಟಿತು. ಆಗ ಗುರುತು ಯಾರದ್ದು ಅಂತ ಯಾವ ಕೋಟಿನವನೂ ಕೇಳಲಿಲ್ಲ. ಗೋಡೆಗೆ ಆಗುತ್ತದೆ, ಒಂದು ಮಧ್ಯಾಹ್ನ ಹೆಣಕ್ಕೆ ಆಗುವುದಿಲ್ಲ.

ನಾನು ಕಾಗದವನ್ನು ಬಣ್ಣದ ಡಬ್ಬದ ಕೆಳಗೆ ಹಾಸೋಣ ಅಂತಿದ್ದೆ. ಅಣ್ಣ ಬೇಡ ಅಂದ. ನಮ್ಮಣ್ಣ ನಿಧಾನದ ಮನುಷ್ಯ, ರಂದಾ ಹೊಡೆದ ಹಾಗೆ ಒಂದೇ ಅಳತೆಯಲ್ಲಿ ಮಾತಾಡುತ್ತಾನೆ. ಅವನು ಹೇಳಿದ್ದು, ಇದರಲ್ಲಿ ಸಿಟ್ಟು ಮಾಡಿಕೊಳ್ಳುವಂಥದ್ದು ಏನೂ ಇಲ್ಲ, ಕೊಕ್ಕರೆ ಆ ಮನೆತನದ ಲಾಂಛನ ಇರಬೇಕು, ಕೇಳದೆ ಹಾಕಿದ್ದು ನಮ್ಮದೇ ತಪ್ಪು ಅಂತ. ಅವನ ಮಾತು ನಮ್ಮ ಕಡೆಯವರಿಗೆ ಸರಿಯೇ. ನಮ್ಮಲ್ಲಿ ಒಂದು ಮನೆತನದ್ದು ಸಿಂಹ, ಇನ್ನೊಂದರದ್ದು ಏಡಿ, ಮತ್ತೊಂದರದ್ದು ಆನೆ. ಬೇರೆಯವರ ಲಾಂಛನದಲ್ಲಿ ನಿಮ್ಮ ಹೆಣ ಹೊರಟರೆ ಬೀದಿಯಲ್ಲೇ ತಡೆಯುತ್ತಾರೆ, ಕುರಿ ದಂಡ ಹಾಕುತ್ತಾರೆ. ಅಣ್ಣ ಒಮ್ಮೆ ಚಿರತೆ ಮಾಡಿ ದಂಡ ತೆತ್ತವನು. ಬೇಕಾದರೆ ಮೊದಲೇ ಹೋಗಿ, ಶ್ನಾಪ್ಸ್ ಸಾರಾಯಿಯ ಬಾಟಲಿ ಇಟ್ಟು, ತಲೆಬಾಗಿ ಕೇಳಬೇಕು. ಯಜಮಾನ ಬಾಟಲಿ ಬಿಚ್ಚಿ, ಹಿರಿಯರ ಹೆಸರಿನಲ್ಲಿ ನೆಲಕ್ಕೆ ಸುರಿದು, ತಾನೂ ಒಂದು ಗುಟುಕು ಕುಡಿದರೆ ಒಪ್ಪಿದ ಅಂತ. ಆಮೇಲೆ ಅವನ ಮೊಮ್ಮಗ ಬಂದರೂ ಇಲ್ಲ ಅನ್ನುವ ಹಾಗಿಲ್ಲ.

ಹಾಲಿನ ಕಂಪನಿಗೆ ಮನೆತನ, ಯಜಮಾನ, ಹಿರಿಯರು ಎಲ್ಲ ಇದ್ದಾರೆ ಅಂತ ನಾವು ನಂಬಿದೆವು ನೋಡಿ, ಅಲ್ಲೇ ಎಡವಿದ್ದು.

ಬುಧವಾರ ಬೆಳಗ್ಗೆ ಅಣ್ಣ ಮದುವೆ ಬಟ್ಟೆ ಉಟ್ಟ, ನಾನು ಲೇಸಿನ ರವಿಕೆ ಹಾಕಿದೆ, ಲಾಮಿಲೆ ಸೂತಕದ ಕಪ್ಪು ಕೆಂಪು ಉಟ್ಟಳು. ಒಳ್ಳೆಯ ಶ್ನಾಪ್ಸ್ ಬಾಟಲಿ, ಪೆಟ್ಟಿಗೆ ಸಮೇತ. ಕಂಪನಿಯ ಆಫೀಸು ಅಡಿಯಿಂದ ಮುಡಿಯವರೆಗೆ ಗಾಜು. ಅಲ್ಲಿಯ ಮ್ಯಾನೇಜರ್ ನಿಕೋಯ್ ಅಂತ. ಹೆಸರು ಕೇಳಿ ನನಗೆ ಜೀವ ಬಂತು, ನಮ್ಮ ಗಾ ಜನವೇ, ನಮ್ಮ ಪಕ್ಕದ ಲಾ ಊರಿನವನು, ಅವರಜ್ಜಿ ಸಮುದ್ರದ ದಡದಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ನಮ್ಮನ್ನು ನೋಡಿ ಅವನಿಗೆ ಖುಷಿಯೋ ಖುಷಿ. ಫೋಟೋ ತೆಗೆಯುವ ಹುಡುಗಿಯನ್ನು ಕರೆಸಿದ. ಅಣ್ಣ ನಿಂತು, ಹೆಗಲ ಬಟ್ಟೆ ಇಳಿಸಿ, ಬಂದ ವಿಷಯವನ್ನು ಕ್ರಮವಾಗಿ ಹೇಳಿದ: ತೀರಿಕೊಂಡವಳು ಯಾರು, ನಿಮ್ಮ ಹಾಲನ್ನು ಎಷ್ಟು ವರ್ಷ ಸುರಿದಳು, ಏನು ಕೇಳಿಕೊಂಡಳು, ಅದಕ್ಕೆ ನಿಮ್ಮ ಕೊಕ್ಕರೆಗಳನ್ನು ಶನಿವಾರ ಒಂದು ದಿನಕ್ಕೆ ಬೇಡಲು ಬಂದಿದ್ದೇವೆ. ನಿಕೋಯ್ ಬಾಟಲಿ ತಗೊಂಡ, ಮುಚ್ಚಳ ತಿರುಗಿಸಿದ. ಸುರಿಯೋಣ ಅಂದರೆ ಅಲ್ಲಿ ನೆಲವೇ ಇಲ್ಲ, ಗೋಡೆಯಿಂದ ಗೋಡೆಗೆ ರತ್ನಗಂಬಳಿ. ಆಚೆ ಈಚೆ ನೋಡಿ, ಮೂಲೆಯ ಹೂಕುಂಡಕ್ಕೆ ಸುರಿದ. ಗಿಡ ಪ್ಲಾಸ್ಟಿಕ್ಕಿನದು. ಆಮೇಲೆ ಒಂದು ಗುಟುಕು ಕುಡಿದು, ಅಣ್ಣನ ಕೈ ಕುಲುಕಿ, ಫೋಟೋಕ್ಕೆ ಹಲ್ಲು ಬಿಟ್ಟ.

"ಅಮ್ಮನನ್ನ ಚೆನ್ನಾಗಿ ಕಳಿಸ್ಕೊಡಿ," ಅಂದ. ಗಾ ಭಾಷೆಯಲ್ಲೇ ಅಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ಲಾಮಿಲೆ ಮೊದಲನೇ ಸಲ ಅತ್ತಳು. ತಾಯಿ ಸತ್ತ ದಿನದಿಂದ ಓಡಾಟದಲ್ಲೇ ಇದ್ದವಳು, ಈಗ ಸಮಾಧಾನವಾಗಿ ಅತ್ತಳು. ಆ ಸಂಜೆಯೊಳಗೆ ನಾನು ಮೂರನೇ ಕೊಕ್ಕರೆ ಮುಗಿಸಿದೆ. ನೀರಿನಲ್ಲಿ ಒಂದು ಕಾಲೂರಿ, ಇನ್ನೊಂದು ಮಡಿಚಿದ್ದು. ನನ್ನ ಕೈಯಿಂದ ಅಷ್ಟು ಚಂದದ ಹಕ್ಕಿ ಹಿಂದೆ ಬಂದಿರಲಿಲ್ಲ, ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರು ಹೇಳಬೇಕು.

ಶುಕ್ರವಾರ ಬೆಳಗ್ಗೆ ವಕೀಲ ಅಡೊಮಾಕೊ ಬಂದ. ಕರಿ ಕಾರು, ಕರಿ ಬೂಟು, ನಮ್ಮ ಮರದ ಹೊಟ್ಟಿನ ಮೇಲೆ ಕಾಲಿಡುವಾಗ ಸಗಣಿ ತುಳಿದವನ ಮುಖ. ಕೈಯಲ್ಲಿ ನ್ಯಾಯಾಲಯದ ತಡೆಯಾಜ್ಞೆ. ಗುರುತು ಇರುವ ಪೆಟ್ಟಿಗೆ ಶೆಡ್ಡಿನಿಂದ ಒಂದು ಹೆಜ್ಜೆ ಆಚೆ ಹೋದರೆ ಅಣ್ಣ ಜೈಲಿಗೆ. ಅವನ ಬೆನ್ನ ಹಿಂದೆ ನಿಕೋಯ್, ನೆಲ ನೋಡುತ್ತಾ.

ಅಣ್ಣ ವಕೀಲನನ್ನು ಕೇಳಲಿಲ್ಲ. ನಿಕೋಯ್‌ನನ್ನೇ ಕೇಳಿದ.

"ನೀನು ಕುಡಿದೆಯಲ್ಲಪ್ಪಾ?"

"ಕುಡಿದದ್ದು ನಾನು," ಅಂದ ನಿಕೋಯ್. "ಕಂಪನಿ ಕುಡಿದಿಲ್ಲ."

ಇಂಥ ಮಾತು ನನ್ನ ಐವತ್ತಾರು ವರ್ಷದಲ್ಲಿ ಕೇಳಿರಲಿಲ್ಲ. ಕಂಪನಿಗೆ ಕುಡಿಯೋಕೆ ಬಾಯಿಲ್ಲ, ನುಂಗೋಕೆ ಮಾತ್ರ ಇದೆಯಾ ಅಂತ ಕೇಳಿದೆ. ವಕೀಲ ಗಂಟಲು ಸರಿಮಾಡಿಕೊಂಡು ನನಗೆ ಕಾನೂನು ಹೇಳಿಕೊಡಲು ಶುರುಮಾಡಿದ, ಒಂದನೇ ತರಗತಿಯ ಮಕ್ಕಳಿಗೆ ಹೇಳುವ ಹಾಗೆ. ಜನ ಇದನ್ನು ನೋಡಿ ಕಂಪನಿಯೇ ಶವಪೆಟ್ಟಿಗೆ ಮಾಡಲು ಶುರುಮಾಡಿದೆ ಅಂದುಕೊಳ್ಳಬಹುದಂತೆ. ಯಾವ ಮುಟ್ಠಾಳ ಹಾಗಂದುಕೊಳ್ಳುತ್ತಾನೆ, ಒಬ್ಬನನ್ನು ಕರೆದುಕೊಂಡು ಬನ್ನಿ, ನೋಡೋಣ ಅಂದೆ. ಅವನು ಬೇರೆ ದಾರಿ ಹಿಡಿದ. ಸಾವಿನ ಜೊತೆ ಕೊಕ್ಕರೆ ಕಾಣಿಸಿಕೊಂಡರೆ ಗುರುತಿನ ಗೌರವ ಹೋಗುತ್ತದೆ, ಕಂಡಕಂಡಲ್ಲಿ ಬಿಡಿಸಿದರೆ ಗುರುತು ತೆಳುವಾಗುತ್ತದೆ ಅಂದ.

"ತೆಳುವಾಗಿರೋದು ನಿಮ್ಮ ಹಾಲು ಸಾರ್. ಹತ್ತು ವರ್ಷದಿಂದ ಆಗಿದೆ. ದೇದೇ ಅಕ್ಕ ಪಾಪ ಯಾರಿಗೂ ಹೇಳ್ಲಿಲ್ಲ, ಎರಡು ತೊಟ್ಟು ಜಾಸ್ತಿ ಹಾಕ್ತಿದ್ಲು."

ಸತ್ಯ ಅದು. ಕಂಪನಿಯ ಮಾನ ಕಾಪಾಡಿದ್ದು ಈ ವಕೀಲ ಅಲ್ಲ, ಅವಳು.

ಲಾಮಿಲೆ ಅಷ್ಟರಲ್ಲಿ ತಡೆಯಾಜ್ಞೆಯನ್ನು ಕಿತ್ತುಕೊಂಡು ಟ್ಯಾಕ್ಸಿ ಹತ್ತಿದ್ದಳು. ಬಡವರಿಗೆ ಪುಕ್ಕಟೆ ಕಾನೂನು ಹೇಳುವ ಒಂದು ಆಫೀಸಿದೆ, ಅಲ್ಲಿಗೆ. ಮಧ್ಯಾಹ್ನ ವಾಪಸ್ ಬಂದಳು. ಅಷ್ಟು ಹೊತ್ತು ವಕೀಲ ಕಾರಿನಲ್ಲಿ ಏಸಿ ಹಾಕಿಕೊಂಡು ಕೂತಿದ್ದ, ನಿಕೋಯ್ ಬಿಸಿಲಲ್ಲಿ ನಿಂತಿದ್ದ. ನಾನು ಕೂತ್ಕೋ ಅನ್ನಲಿಲ್ಲ.

ಆ ಆಫೀಸಿನ ಹೆಂಗಸು ಒಳ್ಳೆಯವಳಂತೆ. ಎಲ್ಲ ಓದಿ, ಕನ್ನಡಕ ತೆಗೆದು, ಬಿಡಿಸಿ ಬಿಡಿಸಿ ಹೇಳಿದಳಂತೆ. ಗುರುತು ನೋಂದಾಯಿಸಿರುವುದು ಹಾಲಿಗೆ. ಹಾಲು ಮಾರುವುದಕ್ಕೆ ಯಾರಾದರೂ ಆ ಕೊಕ್ಕರೆ ಕದ್ದರೆ ಕಂಪನಿ ತಡೆಯಬಹುದು. ಕಲೆಗಾರಳೊಬ್ಬಳು ಒಬ್ಬಳ ಬದುಕನ್ನು ತೋರಿಸಲು ಒಂದು ಡಬ್ಬಿ ಬಿಡಿಸಿದರೆ ಅದು ಗುರುತನ್ನು ಕದ್ದ ಹಾಗಲ್ಲ. ಕಾನೂನಿನ ಕೈ ಅಲ್ಲಿಯವರೆಗೆ ಚಾಚುವುದಿಲ್ಲ. ವಾದ ಮಾಡಿದರೆ ನೀವೇ ಗೆಲ್ಲುತ್ತೀರಿ.

"ಯಾವಾಗ ಗೆಲ್ತೀವಿ ಅಂತ ಕೇಳಿದೆ," ಅಂದಳು ಲಾಮಿಲೆ. "ನಾಲ್ಕು ವರ್ಷ ಅಂದ್ಲು."

ಹೆಣವನ್ನು ಶವಾಗಾರದಿಂದ ಬಿಡಿಸಿ ಆಗಿತ್ತು. ನಂಟರು ಕುಮಾಸಿಯಿಂದ, ಲೋಮೆಯಿಂದ ಹೊರಟಾಗಿತ್ತು. ಅಡೊಮಾಕೊಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ತಾನು ಸೋಲುತ್ತೇನೆ ಅನ್ನುವುದೂ ಗೊತ್ತಿತ್ತು. ಸತ್ತವಳು ಕಾಯುವ ಹಾಗಿಲ್ಲ ಅಂತ ಗೊತ್ತಿದ್ದಕ್ಕೇ ಶುಕ್ರವಾರ ಬಂದದ್ದು. ಇಂಥವರನ್ನು ಬುದ್ಧಿವಂತರು ಅಂತ ಕರೆಯುತ್ತಾರೆ. ಥೂ.

ಲಾಮಿಲೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಮೂರನೇ ಹಕ್ಕಿಯ ಮೇಲೆ ಕೈಯಿಟ್ಟಳು. ನನ್ನ ಮುಖ ನೋಡದೆ, ಕೆರೆದು ಹಾಕು ಅಕ್ಕ ಅಂದಳು.

ಕೆರೆದೆ. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಚಕ್ಕೆಚಕ್ಕೆಯಾಗಿ ಎದ್ದು ಬಂತು. ವಕೀಲ ಒಂದೊಂದು ಹಕ್ಕಿ ಹೋದಾಗಲೂ ಫೋನಿನಲ್ಲಿ ಫೋಟೋ ತೆಗೆದ. ಆಮೇಲೆ ಹೆಸರು ಕೆರೆಸಿದ. ನೀಲಿ ಪಟ್ಟೆ ಇರಲಿ ಬಿಡಿ ಅಂತ ಅಣ್ಣ ಕೇಳಿಕೊಂಡ. ನನ್ನಣ್ಣ ಯಾರನ್ನೂ ಹಾಗೆ ಕೇಳಿಕೊಂಡದ್ದನ್ನು ನಾನು ನೋಡಿರಲಿಲ್ಲ. ವಕೀಲ ಯಾರಿಗೋ ಫೋನ್ ಮಾಡಿ, ಪಟ್ಟೆಯೂ ಹೋಗಬೇಕು ಅಂದ. ಅದರ ಮೇಲೂ ಬಿಳಿ ಬಳಿದೆ. ಸಹಕರಿಸಿದ್ದಕ್ಕೆ ವಂದನೆ ಅಂತ ಹೇಳಿ ಹೊರಟ. ಬೂಟಿನ ಹೊಟ್ಟು ಒರೆಸಿಕೊಂಡ, ನಮ್ಮ ಹೊಸಿಲಿಗೇ.

ಶನಿವಾರ ನಡೆದದ್ದನ್ನು ಹೇಳಬೇಕು. ವಾಲಗದ ಹಿತ್ತಾಳೆ ಸದ್ದು ಇತ್ತು, ಪೆಟ್ಟಿಗೆ ಹೊರುವ ಹುಡುಗರು ಚೆನ್ನಾಗಿಯೇ ಕುಣಿದರು, ರಸ್ತೆಯ ಎರಡೂ ಬದಿಗೆ ಜನ. ನಮ್ಮಲ್ಲಿ ಪೆಟ್ಟಿಗೆ ಬೀದಿಗೆ ಬಂತು ಅಂದರೆ ಗುರುತಿಲ್ಲದವರೂ ನೋಡಿ, ಓ ಮೀನು ಹಿಡಿಯುವವನು ಹೋದ, ಓ ಈರುಳ್ಳಿ ಮಾರುವವಳು ಹೋದಳು ಅಂತ ತಲೆಬಾಗುತ್ತಾರೆ. ಅದಕ್ಕೇ ಅಲ್ಲವೆ ಇಷ್ಟೆಲ್ಲ ಮಾಡುವುದು. ಅವತ್ತು ಜನ ಆ ಬಿಳಿ ಉರುಳೆಯನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ನೀರಿನ ಟ್ಯಾಂಕು ಅಂದ. ಇನ್ನೊಬ್ಬಳು, ಗ್ಯಾಸ್ ಸಿಲಿಂಡರ್ ಇರಬೇಕು, ಪಾಪ, ಗ್ಯಾಸ್ ಸಿಡಿದು ಸತ್ತಳೇನೋ ಅಂದಳು. ಲಾಮಿಲೆ ಮೊದಮೊದಲು ಅಲ್ಲಮ್ಮಾ, ಹಾಲಿನ ಡಬ್ಬಿ, ಗಂಜಿಯ ದೇದೇ ಅಂತ ಹೇಳುತ್ತಾ ಬಂದಳು. ಜಂಕ್ಷನ್ ದಾಟಿದ ಮೇಲೆ ಹೇಳುವುದನ್ನು ಬಿಟ್ಟಳು. ಮೂವತ್ತೆಂಟು ವರ್ಷ ಆ ಬೀದಿಗೆಲ್ಲ ಉಣಿಸಿದವಳು ಅದೇ ಬೀದಿಯಲ್ಲಿ ಯಾರೋ ಏನೋ ಆಗಿ ಹೋದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಈಗಲೂ ಆರಿಲ್ಲ.

ಏಳು ತಿಂಗಳಾದ ಮೇಲೆ ನಿಕೋಯ್ ಮತ್ತೆ ಬಂದ.

ಈ ಸಲ ಕೋಟಿಲ್ಲ, ಎದೆಯ ಮೇಲೆ ಮೂರು ಕೊಕ್ಕರೆಯ ಟೀ ಶರ್ಟು. ಕಂಪನಿಗೆ ಐವತ್ತು ವರ್ಷ ತುಂಬುತ್ತಿದೆಯಂತೆ. ವಿದೇಶದ ದೊಡ್ಡವರು ಬರುತ್ತಾರಂತೆ. ಗಾಜಿನ ಆಫೀಸಿನ ಬಾಗಿಲಲ್ಲಿ ನಮ್ಮ ನಾಡಿನ ಕಲೆ ಅಂತ ಏನಾದರೂ ಇಡಬೇಕು, ಏನಿಡೋಣ ಅಂದಾಗ ಎಲ್ಲರಿಗೂ ನೆನಪಾದದ್ದು ಫೋನಿನಲ್ಲಿ ನೋಡಿದ ಆ ಡಬ್ಬಿಯಂತೆ. ಅದೇ ಥರ ಇನ್ನೊಂದು ಬೇಕು. ಪಟ್ಟೆ, ಹೆಸರು, ಮೂರೂ ಹಕ್ಕಿ. ಹಕ್ಕಿ ಸ್ವಲ್ಪ ದೊಡ್ಡದಾಗಿಯೇ ಇರಲಿ. ಪಕ್ಕದಲ್ಲಿ ದೇದೇ ಅಕ್ಕನ ದೊಡ್ಡ ಫೋಟೋ, ಕೆಳಗೆ 'ನಮ್ಮ ಪ್ರೀತಿಯ ಗ್ರಾಹಕಿ' ಅಂತ ಬರಹ. ಲಾಮಿಲೆಯನ್ನು ಕೇಳಿದಿರಾ ಅಂದೆ. ಆಮೇಲೆ ಕೇಳ್ತೀವಿ ಅಂದ. ಸಾವಿನ ಜೊತೆ ಕೊಕ್ಕರೆ ಇದ್ದರೆ ಗೌರವ ಹೋಗುವುದಿಲ್ಲವೋ ಅಂದೆ. ಇದು ಕಲೆಯಲ್ವಾ ಅಕ್ಕ ಅಂದ, ಗುರುತೂ ನಮ್ಮದೇ, ನಾವು ಹೇಗೆ ಬೇಕಾದರೂ ಮಾಡಬಹುದು.

ಅಣ್ಣ ರಂದಾ ನಿಲ್ಲಿಸಿದ್ದ. ಬೈದು ಓಡಿಸುತ್ತೇನೆ ಅಂತ ಅವನು ಅಂದುಕೊಂಡಿರಬೇಕು. ನನಗೂ ಬಾಯಿತುದಿಗೆ ಬಂದಿತ್ತು. ಅದರ ಬದಲು, ಆಯ್ತಪ್ಪಾ, ಮಾಡೋಣ ಅಂದೆ.

"ಯಾರು ಹೋಗೋದು ಇದ್ರಲ್ಲಿ?"

ನಿಕೋಯ್ ನಕ್ಕ. ಯಾರೂ ಇಲ್ಲ, ಖಾಲಿ, ಬರೀ ನೋಡೋಕೆ ಅಂದ.

"ಖಾಲಿ ಪೆಟ್ಟಿಗೆ ಈ ಶೆಡ್ಡಲ್ಲಿ ಮಾಡಲ್ಲ. ಹೆಸರು, ಅಳತೆ ಇಲ್ದೆ ಅಣ್ಣ ಒಂದು ಹಲಗೆಗೂ ಗರಗಸ ಮುಟ್ಟಿಸಲ್ಲ. ಖಾಲಿ ಬಿಟ್ಟ ಪೆಟ್ಟಿಗೆ ತನ್ನವರನ್ನ ಹುಡುಕ್ಕೊಂಡು ಹೊರಡುತ್ತೆ. ನಿಮ್ಮಜ್ಜಿ ಹೇಳಿಲ್ವಾ ನಿಂಗೆ?"

ಹೇಳಿದ್ದಳು. ಅವನ ಮುಖದಲ್ಲೇ ಗೊತ್ತಾಯಿತು. ನಾನು ಅಳತೆ ಟೇಪು ತಗೊಂಡು ಹತ್ತಿರ ಹೋದೆ, ಅವನ ನೆತ್ತಿಗೆ ಹಿಡಿದು, ಇನ್ನೊಂದು ತುದಿಯನ್ನು ಹಿಮ್ಮಡಿಯ ಹತ್ತಿರ ಕಾಲಿನಿಂದ ಒತ್ತಿದೆ. ಅವನು ಹಂದಾಡಲಿಲ್ಲ. ಗಾಜಿನ ಆಫೀಸಿನಲ್ಲಿ ಎಷ್ಟೇ ವರ್ಷ ಕೂತರೂ ಲಾ ಊರಿನ ರಕ್ತ, ಅಲ್ಲಾಡಿದರೆ ಅಳತೆ ತಪ್ಪಿ ಇನ್ನೂ ಕೆಟ್ಟದಾಗುತ್ತದೆ ಅಂತ ಗೊತ್ತು. ಐದಡಿ ಹನ್ನೊಂದು ಇಂಚು. ಭುಜದ ಅಗಲ ಹತ್ತೊಂಬತ್ತು. ನಾವು ಆರ್ಡರ್ ಬರೆದಿಡುವ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ ಬರೆದೆ: ನಿಕೋಯ್, ಹಾಲಿನ ಡಬ್ಬಿ, ಮೂರು ಕೊಕ್ಕರೆ. ಅಳತೆ ಕೆಳಗೆ.

ಅವನ ಹಣೆ ಬೆವೆತಿತ್ತು. ಇದೇನು ತಮಾಷೆ, ಒರೆಸಿ ಅಕ್ಕ ಅಂದ. ಪೆಟ್ಟಿಗೆ ಬೇಡವೇ ಬೇಡ, ಕಂಪನಿಗೆ ನಾನು ಹೇಳ್ಕೋತೀನಿ, ಅದನ್ನ ಮಾತ್ರ ಒರೆಸಿ ಅಂದ. ನಾನು ಅಣ್ಣನ ಕಡೆ ಕೈ ತೋರಿಸಿದೆ. ಶೆಡ್ಡು ಅವನದು, ಗೋಡೆಯೂ ಅವನದು.

ಅಣ್ಣ ಆ ದಿನ ಆಡಿದ್ದು ಒಂದೇ ಮಾತು.

"ಗೋಡೆ ಮೇಲೆ ಬರೆದದ್ದನ್ನ ಪೆಟ್ಟಿಗೆ ಬಾಗಿಲು ದಾಟಿದ ಮೇಲೇ ಒರೆಸೋದು."

ನಿಕೋಯ್ ಹೋದ. ಟೀ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಆಮೇಲೆ ನಾಲ್ಕು ಸಲ ಫೋನ್ ಮಾಡಿದ್ದಾನೆ. ಮೊನ್ನೆ ಮಾಡಿದಾಗ ಲಾಮಿಲೆ ಇಲ್ಲೇ ಕೂತು ಜೋಳದ ಕಡುಬು ಕೆಂಕಿ ತಿನ್ನುತ್ತಿದ್ದಳು, ಫೋನ್ ಅವಳ ಕೈಗೆ ಕೊಟ್ಟೆ. ಒರೆಸಿದ್ರಾ ಅಂತ ಕೇಳಿದ. ಅವಳು ಎದ್ದು ಗೋಡೆಯ ಹತ್ತಿರ ಹೋಗಿ, ಅಲ್ಲಿದ್ದದ್ದನ್ನು ಮೊದಲಿಂದ ಕೊನೆಯವರೆಗೆ ಅವನಿಗೆ ಓದಿ ಹೇಳಿದಳು.